ಅಡ್ಡಿ ಇದ್ದವರು ಹೇಳಿ

ಎಂಬತ್ತೊಂಬತ್ತನೇ ಇಸವೀಲಿ ಒಂದಿನ ನಾನು ಸಾವಿನ ಗಂಟೆ ಹೊಡೆದುಬಿಟ್ಟೆ. ಅದಕ್ಕೆ ಕಾರಣ ಗಾಜಿನಂಗಡಿ ಅಸ್ಗರ್. ಮಧ್ಯಾಹ್ನದ ಪ್ರಾರ್ಥನೆಗೆ ಮೂರು ಮೂರು ಸಲ ಬೇಗಬೇಗ ಎಳೀಬೇಕು. ಯಾರಾದ್ರೂ ತೀರಿಕೊಂಡ್ರೆ ಒಂದೊಂದೇ, ನಿಧಾನಕ್ಕೆ. ಅಪ್ಪನ ಭುಜ ಸೋತ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಹಳೇ ಚರ್ಚಿನ ಹಗ್ಗ ನನ್ನ ಕೈಲೇ ಇತ್ತು. ಆವತ್ತು ಮಧ್ಯಾಹ್ನದ ಗಂಟೆ ಎಳೀತಿದ್ದಾಗ, ಏಣಿ ಮೇಲೆ ನಿಂತು ಕಿಟಕಿಗೆ ನೀಲಿ ಗಾಜು ಕೂರಿಸ್ತಿದ್ದ ಅಸ್ಗರ್ ತಿರುಗಿ ನೋಡಿದ. ಅರ್ಧ ಮುಖದ ಮೇಲೆ ನೀಲಿ ಬೆಳಕು. ನನ್ನ ಕೈ ನಿಧಾನವಾಯ್ತು.

ಇಡೀ ಬೀದಿ ಓಡಿ ಬಂತು. "ಯಾರಮ್ಮಾ ಹೋದ್ರು?" ಅಂತ ಪಕ್ಕದ್ಮನೆ ಅಕ್ಕಯಮ್ಮ ಎದೆ ಬಡ್ಕೊಂಡ್ಲು.

"ಯಾರೂ ಇಲ್ಲ, ಕೈ ತಪ್ತು."

ಏಣಿ ಮೇಲಿಂದ ನಗು. "ನನಗೇ ಹೊಡೆದ್ರೇನೋ ಅಂದ್ಕೊಂಡೆ!"

"ನೀವು ಗಾಜು ಹಾಕಿ, ಸಾಕು!"

ಒಂಬತ್ತು ಕಿಟಕಿ, ಐದು ತಿಂಗಳು. ದಿನಾ ಹಗ್ಗದ ಹತ್ತಿರ ಒಂದು ಚೂರು ಬಣ್ಣದ ಗಾಜು, ಕೈ ಕುಯ್ಯದ ಹಾಗೆ ಅಂಚು ಉಜ್ಜಿ ಇಟ್ಟಿರ್ತಿದ್ದ. ಬಾಯಲ್ಲಿ ಮಾತ್ರ ಏನೂ ಇಲ್ಲ.

ಅಷ್ಟರಲ್ಲಿ ಅಪ್ಪ ಗೌರಿಬಿದನೂರಿನ ಅಂತಪ್ಪನಿಗೆ ನನ್ನನ್ನ ಗೊತ್ತು ಮಾಡಿದ್ರು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನ ಪೂಜೆಯಲ್ಲಿ ಗಂಡು ಹೆಣ್ಣಿನ ಹೆಸರು ಓದ್ತಾರೆ; ಅಡ್ಡಿ ಇದ್ದವರು ಹೇಳಬೇಕು. ಎರಡು ಭಾನುವಾರ ಆಗಿಹೋಯ್ತು.

ಶನಿವಾರ ಕೊನೇ ಕಿಟಕಿ ಕೆಳಗೆ ಹೋಗಿ ನಿಂತೆ. "ನಾಳೆ ಮೂರನೇದು. ನಿಮಗೇನೂ ಅನ್ಸಲ್ವಾ?"

ಅಸ್ಗರ್ ಇಳಿದು ಬಂದ. "ನಿದ್ದೆ ಮಾಡಿ ವಾರ ಆಯ್ತು. ಆದ್ರೆ ನಾನು ಬಾಯಿ ಬಿಟ್ರೆ ನಿಮ್ಮೋರೂ ನಮ್ಮೋರೂ ಸೇರ್ಕೊಂಡು ಈ ಗಾಜೆಲ್ಲ ಒಡೀತಾರೆ ಕಣ್ರೀ."

"ಒಡೀಲಿ. ಮತ್ತೆ ಹಾಕೋಕೆ ನೀವಿದ್ದೀರಲ್ಲ! ಬೇಕೋ ಬೇಡ್ವೋ, ಅಷ್ಟು ಹೇಳಿ."

"ಬೇಕು," ಅಂದ. "ತುಂಬಾ ಬೇಕು."

ಭಾನುವಾರ ಫಾದರ್ ಓದಿದ್ರು: "ಚೌರಪ್ಪನವರ ಮಗಳು ಜಪಮಾಲಾ... ಅಡ್ಡಿ ಇದ್ದವರು ತಿಳಿಸಿ."

ಎದ್ದು ನಿಂತೆ. "ನಂದೇ ಅಡ್ಡಿ ಇದೆ, ಫಾದರ್. ನನ್ನನ್ನ ಯಾರೂ ಕೇಳಲೇ ಇಲ್ಲ."

ಮನೇಲಿ ಅಪ್ಪ ಒಂದೇ ಮಾತು ಅಂದ್ರು. "ಹಗ್ಗ ಮುಟ್ಟಬೇಡ. ನನ್ನ ಪಾಲಿಗೆ ನೀನು ಸತ್ತೆ."

ಸೋಮವಾರ ಅಸ್ಗರ್ ಜೊತೆ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಗುಮಾಸ್ತ ಮದುವೆ ಅರ್ಜಿ ಮುಂದಿಟ್ಟ. "ಮೂವತ್ತು ದಿನ ಬೋರ್ಡ್ ಮೇಲೆ ಇರುತ್ತೆ. ಅಡ್ಡಿ ಇದ್ದೋರು ಹೇಳಬಹುದು."

"ಹೇಳ್ಲಿ ಬಿಡಿ," ಅಂದೆ.

ಆಗಲೇ ಚರ್ಚಿನ ಗಂಟೆ ಕೇಳಿಸ್ತು. ಒಂದೊಂದೇ. ನಿಧಾನಕ್ಕೆ.

"ಯಾರು ಹೋದ್ರು?" ಅಸ್ಗರ್ ಗಾಬರಿಯಾದ.

"ನಾನೇ. ಅದು ಅಪ್ಪನ ಕೈ." ಕಣ್ಣು ತುಂಬಿ ಬಂತು, ಅಪ್ಪನ ಭುಜ ನೆನೆದು. ಸೆರಗಲ್ಲಿ ಒರೆಸ್ಕೊಂಡೆ. "ಹೊಡೀಲಿ. ಪೆನ್ನು ಕೊಡಿ."

ಗಂಟೆ ನಿಲ್ಲೋದ್ರೊಳಗೆ ಸಹಿ ಹಾಕಿದೆ. ಜಪಮಾಲಾ ಚೌರಪ್ಪ ಅಂತ, ಪೂರ್ತಿ. ಅಪ್ಪ ಬಿಟ್ರೂ ಅಪ್ಪನ ಹೆಸರು ನಾನು ಬಿಡಲಿಲ್ಲ.