ಚಾಂದಿಯ ಗೂಟ

“ಯಾರದ ಈ ಆಡು?” ಸಿದ್ದರಾಯ ಮಾಸ್ತರರು ಕೈಯಲ್ಲಿದ್ದ ದಾರ ಕೆಳಗಿಟ್ಟು ಕೇಳಿದರು.

ಯಾರದೆಂದು ಇಡೀ ಶಾಲೆಗೆ ಗೊತ್ತಿತ್ತು. ಮಾಸ್ತರರಿಗೂ ಗೊತ್ತಿತ್ತು. ಆದರೂ ಕೇಳದೆ ಬಿಟ್ಟರೆ ಅವರು ಮಾಸ್ತರರು ಹೇಗಾದಾರು?

“ನಮ್ಮದ್ರಿ,” ಎಂದಳು ಸುಗ್ರಾ. “ಚಾಂದಿ ಅಂತ್ರಿ.”

“ಹೆಸರು ಕೇಳಿಲ್ಲ ನಾ.”

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಬಿದ್ದಿತ್ತು. ಶಾಲೆಯ ಮುಂದೆ ಜಾಲಿಯ ಬೇಲಿ ಬೆಳೆಸುವ ಕೆಲಸ ನಡೆದಿತ್ತು. ಊರ ಸುತ್ತ ಎಲ್ಲಿ ನೋಡಿದರೂ ಜಾಲಿಯೇ. ಆದರೆ ಊರಿನ ಬೀಜ ಮಾಸ್ತರರಿಗೆ ಹಿಡಿಸಲಿಲ್ಲ. ತಾಳಿಕೋಟೆಯಿಂದ ತರಿಸಿ, ತೊಳೆದು, ಬಿಳಿ ಧೋತರದ ಮೇಲೆ ಒಣಗಿಸಿದ್ದರು. ಮಕ್ಕಳ ಕೈ ಹೊಲಸೆಂದು ತಾವೇ ದಾರ ಹಿಡಿದು, ನೆಟ್ಟಗೆ ಲೈನ್ ಹಾಕಿ ಊರುತ್ತಿದ್ದರು.

“ಬೀಜ ಮೊಳಿಯಾಕ ಏನು ಬೇಕು?”

“ನೀರು, ಗಾಳಿ, ಬೆಚ್ಚನ್ನ ಹವಾ ರೀ,” ಎಲ್ಲರೂ ಹಾಡಿದರು.

“ಏನು ಇರಬಾರದು?”

ಇದು ಪಾಠದಲ್ಲಿ ಇರಲಿಲ್ಲ. ಉತ್ತರವನ್ನೂ ಮಾಸ್ತರರೇ ಹೇಳಿದರು.

“ಆಡು ಇರಬಾರದು. ಹಸರಿಗೆ ಆಡಿನಂಥಾ ವೈರಿ ಮತ್ತೊಂದಿಲ್ಲ. ನಾಳಿಂದ ಇದು ಸಾಲಿ ಕಡೆ ಸುಳೀಬಾರದು.”

ಸುಗ್ರಾಳ ಅವ್ವ ಲಾಲಬಿ ಬೆಳಗಾದರೆ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಾಳೆ. ಮನೆಯಲ್ಲಿ ಮತ್ತೆ ಯಾರೂ ಇಲ್ಲ. ಒಂಟಿಯಾಗಿ ಬಿಟ್ಟರೆ ಚಾಂದಿ ಹಗ್ಗ ಕಡಿದು ಮಂದಿಯ ಹೊಲಕ್ಕೆ ನುಗ್ಗುತ್ತದೆ. ಅದಕ್ಕೇ ಸುಗ್ರಾ ಅದನ್ನು ಶಾಲೆಗೆ ತಂದು, ಹಿತ್ತಲಲ್ಲಿ ಒಂದು ಗೂಟಕ್ಕೆ ಕಟ್ಟುತ್ತಿದ್ದಳು. ಬ್ಯಾಸಿಗೆಯಲ್ಲಿ ದಾರಿಯ ಜಾಲಿಕಾಯಿ ಉದುರಿಸಿ ಮುಂದೆ ಹಾಕಿದರೆ, ಅದು ತಿಂದು ಅಲ್ಲೇ ಮೆಲುಕು ಹಾಕುತ್ತ ಮಲಗುತ್ತಿತ್ತು.

“ಆಡು ಬ್ಯಾಡಂದ್ರ ನೀನೂ ಬ್ಯಾಡ. ಮನ್ಯಾಗ ಇರು,” ರಾತ್ರಿ ಸುದ್ದಿ ಕೇಳಿ ಎಂದಳು ಲಾಲಬಿ.

ಸುಗ್ರಾ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಈಗೀಗ ಅವಳಿಗೆ ಪುಸ್ತಕವನ್ನು ತಡವರಿಸದೆ ಓದಲು ಬರತೊಡಗಿತ್ತು.

ಸಂಜೆ ಸಂಜೆ ಅವಳ ಓರಗೆಯ ಅಮಸಿದ್ದ ಪಾಟಿ ಹಿಡಿದು ಮನೆಯ ಮುಂದೆ ಹಾಯುತ್ತಿದ್ದ.

“ಬೀಜ ಮೊಳೆತಾವೇನೋ?” ಸುಗ್ರಾ ಕೇಳುತ್ತಿದ್ದಳು.

“ಎಲ್ಲಿ ಮೊಳೀತಾವ? ನೀರು ಹೊತ್ತು ಹೊತ್ತು ನಮ್ಮ ಹೆಗಲ ಮೊಳಿಯಾಕತ್ತಾವ.”

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ದಿನ ಅವನು ಓಡುತ್ತ ಬಂದ. “ಮಾಸ್ತರ್ರು ಕರದಾರ. ನಾಳಿ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರಂತ. ಹಾಜರಿ ತುಂಬಬೇಕಂತ.”

“ಆಡು?”

“ಆಡಿನ ಸುದ್ದಿ ಏನೂ ಹೇಳಿಲ್ಲ.”

ಹೇಳಿಲ್ಲವೆಂದ ಮೇಲೆ ಬೇಡವೆಂದೂ ಅಲ್ಲ. ಸುಗ್ರಾ ಚಾಂದಿಯನ್ನು ಕರೆದೊಯ್ದು, ಶಾಲೆಯ ಆಚೆ ಹುಣಸೆಮರಕ್ಕೆ ಕಟ್ಟಿ ಒಳಗೆ ಬಂದಳು.

ಸಾಹೇಬರು ಬಂದರು. ಶಾಲೆಯ ಮುಂದಿನ ಲೈನನ್ನು ನೋಡಿದರು. ದಾರ ನೆಟ್ಟಗಿತ್ತು. ಅದರ ಕೆಳಗೆ ಬರೀ ಮಣ್ಣು.

“ಬೇಲಿ ಎಲ್ಲೈತ್ರಿ ಮಾಸ್ತರ್ರ?”

“ಬರ್ತೈತ್ರಿ ಸಾಹೇಬ್ರ,” ಎಂದು ಮಾಸ್ತರರು ಬೆವರು ಒರೆಸಿಕೊಂಡರು.

ಸಾಹೇಬರು ಎಲೆ ಅಡಿಕೆ ಉಗುಳಲು ಹಿತ್ತಲಿಗೆ ಹೋದವರು ಅಲ್ಲೇ ನಿಂತರು. ಗೇಣುದ್ದದ ಜಾಲಿ ಸಸಿಗಳು ದುಂಡಗೆ, ಒತ್ತೊತ್ತಾಗಿ ಎದ್ದಿದ್ದವು.

“ಇಲ್ಲಿ ಚಂದ ಬಂದಾವಲ್ಲರಿ.”

ಮಾಸ್ತರರೂ ಅವನ್ನು ನೋಡಿದ್ದು ಈಗಲೇ. “ಹೌದ್ರಿ. ನಾನ ಹಾಕೇನ್ರಿ,” ಎಂದುಬಿಟ್ಟರು.

“ಹಿಂಗ ಗುಂಡಗ ಯಾಕ ಹಾಕೀರಿ?”

“ಹೊಸಾ ಪದ್ಧತಿರಿ.”

ಸಾಹೇಬರು ತಲೆದೂಗಿ ಬರೆದುಕೊಂಡರು. ಆ ಸಸಿಗಳ ಸುತ್ತಿನ ನಟ್ಟನಡುವೆ ಒಂದು ಹಳೆಯ ಗೂಟ ನಿಂತಿತ್ತು. ದೊಡ್ಡವರು ಯಾರೂ ಅದನ್ನು ನೋಡಲಿಲ್ಲ. ಮಕ್ಕಳೆಲ್ಲ ನೋಡಿದರು. ಅಮಸಿದ್ದ ಬಾಯಿಗೆ ಪಾಟಿ ಅಡ್ಡ ಹಿಡಿದ.

ಸಾಹೇಬರು ಹೋದ ಮೇಲೆ ಸುಗ್ರಾ ಒಂದು ಸಸಿಯನ್ನು ಮೆಲ್ಲಗೆ ಕಿತ್ತಳು. ಬುಡದಲ್ಲಿ ಒಡೆದ ಆಡಿನ ಹಿಕ್ಕೆ ಅಂಟಿತ್ತು. ಮುಂದಿನ ಲೈನಿಗೆ ಹೋಗಿ ಮಾಸ್ತರರ ಒಂದು ಬೀಜ ಕೆದಕಿ ತೆಗೆದಳು. ಊರಿದಾಗ ಹೇಗಿತ್ತೋ ಹಾಗೇ ಇತ್ತು. ಕಚ್ಚಿ ನೋಡಿದರೆ ಕಲ್ಲು. ಇಂಥ ಚಿಪ್ಪಿನೊಳಗೆ ನೀರು ಇಳಿಯುವುದಾದರೂ ಹೇಗೆ? ಚಾಂದಿಯ ಹೊಟ್ಟೆ ಹೊಕ್ಕು ಬಂದವು ಮೆತ್ತಗಾಗಿದ್ದವು, ಮಳೆ ಬಿದ್ದೊಡನೆ ಎದ್ದಿದ್ದವು.

ಬೀಜ, ಸಸಿ ಎರಡನ್ನೂ ಅಂಗೈಯಲ್ಲಿ ಹಿಡಿದು ಅವಳು ಮಾಸ್ತರರ ಮುಂದೆ ನಿಂತಳು.

“ಮಾಸ್ತರ್ರ, ನಿಮ್ಮ ಹೊಸಾ ಪದ್ಧತಿ ಹುಣಸೀ ಗಿಡಕ್ಕ ಕಟ್ಟೇನ್ರಿ. ಕರ್ಕೊಂಡು ಬರ್ಲೇನ್ರಿ?”

ಮಾಸ್ತರರು ಹಿಕ್ಕೆ ನೋಡಿದರು, ಗೂಟ ನೋಡಿದರು. ನಕ್ಕ ಅಮಸಿದ್ದನನ್ನು ಗದರಿಸಿದರು. ಆಮೇಲೆ ಎತ್ತಲೋ ನೋಡುತ್ತ, “ಕಟ್ಟೋದಾದ್ರ ಮುಂದಿನ ಲೈನಿನ್ಯಾಗ ಕಟ್ಟು,” ಎಂದರು.

ಸುಗ್ರಾ ಕುಣಿಯುತ್ತ ಚಾಂದಿಯನ್ನು ಹಿತ್ತಲಿಗೆ ತಂದಳು. ಗೂಟ ಕೀಳಲು ಅವಳು ಬಗ್ಗಿದ್ದೇ ತಡ, ಚಾಂದಿ ಕತ್ತು ಚಾಚಿ ಎರಡು ಸಸಿಗಳ ತುದಿಯನ್ನು ಕರಕ್ಕೆಂದು ಕಡಿಯಿತು.

ಸುಗ್ರಾಳ ನಗು ನಿಂತಿತು. ಕಡಿದ ಸಸಿಗಳನ್ನು ಮುಟ್ಟಿ ನೋಡಿದಳು. ಆಡಿನ ಬಗ್ಗೆ ಮಾಸ್ತರರು ಹೇಳಿದ್ದು ಪೂರಾ ಸುಳ್ಳಾಗಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಗೂಟವನ್ನು ಮುಂದಿನ ಲೈನಿನಲ್ಲಿ ಹುಗಿದು, ಚಾಂದಿಗೆಂದು ತಂದಿದ್ದ ಒಂದು ಬೊಗಸೆ ಒಣ ಜಾಲಿಕಾಯಿ ಸುರಿದು, ಹಗ್ಗಕ್ಕೆ ಗಂಟು ಹಾಕಿ ಗಿಡ್ಡ ಮಾಡಿದಳು.

ಒಳಗೆ ಪಾಠ ಶುರುವಾಯಿತು. “ಬೀಜ ಮೊಳಿಯಾಕ ಏನು ಬೇಕು?”

“ನೀರು, ಗಾಳಿ, ಬೆಚ್ಚನ್ನ ಹವಾ ರೀ.”

ಹೊರಗೆ ಚಾಂದಿ ಮ್ಯಾ ಎಂದಿತು. ಎರಡನೆಯ ಪ್ರಶ್ನೆಯನ್ನು ಮಾಸ್ತರರು ಕೇಳಲಿಲ್ಲ. ಸುಗ್ರಾ ಕಿಟಕಿಯಿಂದ ಹಗ್ಗದ ಗಂಟನ್ನು ಇನ್ನೊಮ್ಮೆ ನೋಡಿಕೊಂಡಳು.