ಬಿಳಿ ಹಾಳೆಯ ಆರನೆಯ ಸಾಲು

೨೦೧೯ರ ಜೂನ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅತ್ತೆ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು ಸೊಸೆಯ ಮುಖದೆದುರೇ ಪರ್ರನೆ ಎರಡಾಗಿ ಹರಿದುಬಿಟ್ಟರು.

"ಈಗ ಹೋಗು ಕಾಲೇಜಿಗೆ! ಮೂವತ್ಮೂರು ತುಂಬಿದ ಮೇಲೆ ಹೆಗಲಿಗೆ ಚೀಲ ಹಾಕ್ಕೊಂಡು ಹೊರಟಿದ್ದಾಳೆ ಮಹಾತಾಯಿ. ಅಮ್ಮ, ಮಗಳು ಇಬ್ಬರಿಗೂ ಒಟ್ಟಿಗೇ ಜಡೆ ಹಾಕಿ ಕಳಿಸ್ಬೇಕೇನೋ ನಾನು!"

ಸೊಸೆ ಗಡಿಯಾರ ನೋಡಿದಳು. ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಮಾಡಿದ ಪ್ರವೇಶಪತ್ರ ಕಾಲೇಜಿನ ಕಚೇರಿಗೆ ತಲುಪದಿದ್ದರೆ ಆ ಜಾಗ ಇನ್ನೊಬ್ಬರಿಗೆ! ಆದರೆ ಚೀರಿದ್ದು ಅವಳಲ್ಲ, ಐದು ವರ್ಷದ ಮಗಳು ಗುಬ್ಬಿ.

"ಅಜ್ಜೀ... ಅದು ನಾನು ಬರೆದ ನಿನ್ನ ಚಿತ್ರ!"

ಪ್ರವೇಶಪತ್ರ ತನ್ನ ನೀಲಿ ಮೊಹರಿನೊಂದಿಗೆ ಮೇಜಿನ ಮೇಲೆ ಹಾಗೇ ಇತ್ತು. ಅತ್ತೆಯ ಕೈಯಲ್ಲಿದ್ದದ್ದು ನೀಲಿ ಬಣ್ಣದಲ್ಲಿ ಬರೆದ ಅರ್ಧ ಮುಖ, ಒಂದು ದುಂಡನೆಯ ಕನ್ನಡಕದ ಗಾಜು. ಅತ್ತೆಯ ಸ್ವರ ಒಮ್ಮೆಲೇ ಇಳಿದುಹೋಯಿತು. "ಕೋಪದಲ್ಲಿ... ಕೈಗೆ ಸಿಕ್ಕಿದ್ದು..." ಎನ್ನುತ್ತ ಬಗ್ಗಿ ಉಳಿದರ್ಧವನ್ನು ಹುಡುಕತೊಡಗಿದರು. ಅದು ಅವರ ಎಡಗಾಲಿನ ಬಳಿ ಬಿದ್ದಿತ್ತು. ಅವರು ಬಲಗಡೆಯ ನೆಲವನ್ನು ತಡಕುತ್ತಿದ್ದರು.

ಸೊಸೆ ಕನ್ನಡಕದ ಗಾಜು ಉಜ್ಜುವ ಕಾರ್ಯಾಗಾರದಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಮನೆಯಿಂದ ಐದು ನಿಮಿಷದ ದಾರಿ. ಒಂದು ಗಂಟೆಗೆ ಬಂದು ಗುಬ್ಬಿಗೆ ಊಟ ಹಾಕಿ ಮರಳಬಹುದಿತ್ತು. ಕಣ್ಣು ಪರೀಕ್ಷೆಯ ವಿದ್ಯೆ ಕಲಿಸುವ ಕಾಲೇಜೋ ಎರಡು ಬಸ್ಸು ಬದಲಿಸುವಷ್ಟು ದೂರ. ಪೂರ್ತಿ ದಿನದ ಪಾಠ, ನಾಲ್ಕು ವರ್ಷ. "ನಿನ್ನ ಕುರ್ಚಿ ಖಾಲಿ ಇಟ್ಕೊಂಡು ಕಾಯೋಕಾಗಲ್ಲಮ್ಮ" ಎಂದು ಕಾರ್ಯಾಗಾರದ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು. ಮೂರು ವಾರದಿಂದ ಹೋಗಲೋ ಬೇಡವೋ ಎಂಬ ಲೆಕ್ಕವೇ ಮುಗಿಯುತ್ತಿರಲಿಲ್ಲ. ಬೇಕರಿಯ ಒಲೆಯ ಮುಂದೆ ರಾತ್ರಿಯೆಲ್ಲ ಬೆಂದು ಬೆಳಿಗ್ಗೆ ಬರುವ ಗಂಡನನ್ನು ಕೇಳಿದರೆ, "ನಾನು ಮದ್ದಳೆ ಕಣೇ, ಎರಡೂ ಕಡೆಯಿಂದ ಪೆಟ್ಟು" ಎಂದು ನಕ್ಕು ಮಲಗುತ್ತಿದ್ದ.

ಆದರೆ ಈಗ ಅವಳನ್ನು ಕಾಡಿದ್ದು ಬೇರೆಯೇ. ಎರಡು ವರ್ಷದಿಂದ ಅತ್ತೆ ಮಂಡಿನೋವೆಂದು ಹೇಳಿ ರಸ್ತೆಗೇ ಇಳಿದಿರಲಿಲ್ಲ. ನಿಜವಾಗಿಯೂ ಮಂಡಿಯೇ?

ಹಜಾರದ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಫಲಕವಿತ್ತು. ಕಾರ್ಯಾಗಾರದವರು ಎಸೆದದ್ದನ್ನು ಅವಳೇ ತಂದು ತೂಗುಹಾಕಿದ್ದಳು. ಎಂಟು ವರ್ಷದಿಂದ ಆರು ತಿಂಗಳಿಗೊಮ್ಮೆ, ಅಳೆದು ಗುರುತು ಮಾಡಿದ ಆರು ಮೀಟರ್ ದೂರದಲ್ಲಿ ಅತ್ತೆಯನ್ನು ಕೂರಿಸಿ ಓದಿಸುತ್ತಿದ್ದಳು. ಪ್ರತಿ ಸಲವೂ ಆರನೆಯ ಸಾಲಿನವರೆಗೆ ಒಂದೂ ತಪ್ಪಿಲ್ಲ. ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡುತ್ತಿದ್ದಳು, ಹೆಮ್ಮೆಯಿಂದ.

ಅತ್ತೆ ಗುಬ್ಬಿಯನ್ನು ಸಮಾಧಾನ ಮಾಡುತ್ತಿದ್ದಾಗ ಸೊಸೆ ಸದ್ದಿಲ್ಲದೆ ಫಲಕವನ್ನು ತಿರುಗಿಸಿ, ಅಚ್ಚ ಬಿಳಿಯ ಬೆನ್ನು ಕಾಣುವಂತೆ ತೂಗುಹಾಕಿದಳು.

"ಅತ್ತೆ, ಒಂದ್ಸಲ ಓದಿ."

"ಈಗೇನೇ ಇದು? ನಿನಗೆ ಕಾಲೇಜು ಪರೀಕ್ಷೆ ಅಂತ ನನಗೆ ಗೋಡೆ ಪರೀಕ್ಷೆಯಾ?" ಗೊಣಗುತ್ತಲೇ ಕುಳಿತು, ಕನ್ನಡಕ ಸರಿಮಾಡಿಕೊಂಡು, ಅತ್ತೆ ಕತ್ತು ಮುಂದೆ ಚಾಚಿ ಶುರುಮಾಡಿದರು. "ಬ... ಠ, ಲ... ಜ, ಗ, ಸ..."

ನಿರರ್ಗಳವಾಗಿ, ಆರನೆಯ ಸಾಲಿನವರೆಗೂ! ಒಂದಕ್ಷರವೂ ಇಲ್ಲದ ಬಿಳಿ ಹಾಳೆಯ ಮೇಲೆ!

ಆಗಷ್ಟೇ ಬೇಕರಿಯಿಂದ ಬಂದು ಬಾಗಿಲ ಬಳಿ ಕುಳಿತಿದ್ದ ಗಂಡನ ಕೈಯಲ್ಲಿದ್ದ ಚಹಾ ಲೋಟ ಬಾಯಿಯವರೆಗೆ ಹೋಗಿ ನಿಂತೇಹೋಯಿತು. ಗುಬ್ಬಿ ಕಣ್ಣರಳಿಸಿ ಹೇಳಿದಳು, "ಅಜ್ಜೀ, ಅಲ್ಲಿ ಏನೂ ಇಲ್ವಲ್ಲ!"

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಯಾಕಮ್ಮಾ..." ಗಂಡ ಲೋಟ ಹಿಡಿದೇ ಹತ್ತಿರ ಬಂದ. "ಯಾಕೆ ಮುಚ್ಚಿಟ್ಟೆ?"

"ಹೇಳಿದ್ರೆ ಏನಾಗ್ತಿತ್ತೋ? ಕಣ್ಣು ಕಾಣದ ಮುದುಕಿ ಕೈಗೆ ಮಗು ಬಿಟ್ಟು ಇವಳು ಕೆಲಸಕ್ಕೆ ಹೋಗ್ತಿದ್ಲಾ? ಮನೇಲಿ ಕೂತುಬಿಡ್ತಿದ್ಲು. ಐದು ನಿಮಿಷದ ದೂರದಲ್ಲಿ ಇದ್ದಾಳೆ, ಕೂಗಿದ್ರೆ ಬರ್ತಾಳೆ ಅನ್ನೋ ಧೈರ್ಯದಲ್ಲಿ ಹೇಗೋ ನಿಭಾಯಿಸ್ದೆ. ಆದ್ರೆ ಇಡೀ ದಿನ ಅಷ್ಟು ದೂರ ಹೋಗ್ತೀನಿ ಅಂದಾಗ... ಮಗುಗೆ ಏನಾದ್ರೂ ಆದ್ರೆ..." ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಹೆದರಿಕೆ ಕಣೇ. ಬಾಯಿ ತೆಗೆದ್ರೆ ಬೈಗುಳವಾಗಿ ಬರ್ತಿತ್ತು."

ಸೊಸೆ ಅವರ ಕಾಲ ಬಳಿ ಕುಳಿತಳು. ತಪ್ಪು ಯಾರದು? ಎಂಟು ವರ್ಷ ಒಂದೇ ಫಲಕ! ಅವಳು ಅಳೆದದ್ದು ಅತ್ತೆಯ ಕಣ್ಣನ್ನಲ್ಲ, ನೆನಪನ್ನು. ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ಒಂದೊಂದು ಸಾಲೂ ಸುಳ್ಳು. "ನಾನು ಹೋಗಲ್ಲ ಅತ್ತೆ. ಆ ಕಾಗದ ನಾನೇ ಹರೀತೀನಿ. ನಿಮ್ಮನ್ನ ಹೀಗೆ ಬಿಟ್ಟು..."

"ಬಾಯ್ಮುಚ್ಚು!" ಅತ್ತೆಯ ಹಳೆಯ ಗಡಸು ಸ್ವರ ಮರಳಿತು. "ಎಂಟು ವರ್ಷ ನನ್ನ ಕಣ್ಣು ನೋಡ್ದೆ, ನಿನಗೆ ಗೊತ್ತಾಗ್ಲಿಲ್ಲ. ಗಾಜು ಉಜ್ಜೋಕೆ ಬರುತ್ತೆ, ಕಣ್ಣು ನೋಡೋಕೆ ಬರಲ್ಲ. ನಾನು ಏಮಾರಿಸ್ದ ಹಾಗೆ ಇನ್ನೆಷ್ಟು ಮುದುಕೀರು ಏಮಾರಿಸ್ತಿದ್ದಾರೋ... ಹೋಗಿ ಕಲಿ."

"ಗುಬ್ಬಿ?"

ಗಂಡ ಲೋಟ ಕೆಳಗಿಟ್ಟ. ಮೊಣಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. "ಹಗಲೆಲ್ಲ ಮನೇಲಿ ಬಿದ್ಕೊಂಡಿರೋನು ನಾನೊಬ್ಬ ಇದ್ದೀನಲ್ಲ. ರಾತ್ರಿ ಪಾಳಿ ಬಿಡಲ್ಲ. ಗುಬ್ಬಿ ಶಾಲೆಯಲ್ಲಿದ್ದಾಗ ನಿದ್ದೆ, ಬಂದ ಮೇಲೆ ಕಾವಲು. ಅಮ್ಮನ್ನ ನಾಳೆ ಕಣ್ಣಿನ ಆಸ್ಪತ್ರೆಗೂ ನಾನೇ ಕರ್ಕೊಂಡು ಹೋಗೋದು. ಮದ್ದಳೆ ಕೂಡ ಒಮ್ಮೊಮ್ಮೆ ಮಾತಾಡುತ್ತೆ ಕಣೇ."

ಅತ್ತೆ ಅಳುತ್ತಲೇ ನಕ್ಕರು. ಆದರೆ ಸೊಸೆ ಅತ್ತೆಯ ಕಣ್ಣನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ... ಅಷ್ಟರೊಳಗೆ ಈ ಕಣ್ಣಲ್ಲಿ ಏನುಳಿದಿರುತ್ತದೋ? ಆಸ್ಪತ್ರೆಯವರು ಏನೆನ್ನುವರೋ? ಆದರೂ ಪ್ರವೇಶಪತ್ರಕ್ಕೆ ಸಹಿ ಮಾಡಿದಳು. ಗುಬ್ಬಿಯ ಚಿತ್ರದ ಎರಡು ಚೂರುಗಳನ್ನು ಅಂಟಿಸಿ, ಫಲಕವಿದ್ದ ಮೊಳೆಗೆ ತೂಗುಹಾಕಿದಳು.

ಹೊರಡುವ ಮುನ್ನ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, ತನ್ನ ಬೆರಳುಗಳನ್ನು ಎತ್ತಿ ಹಿಡಿದು ಎಷ್ಟೆಂದು ಕೇಳಿದಳು. ಪ್ರತಿ ಸಲವೂ ಬೇರೆ ಬೇರೆ ಎಣಿಕೆ. ಅತ್ತೆ ಈ ಸಲ ಸುಳ್ಳು ಹೇಳಲಿಲ್ಲ. ಕಾಣದಿದ್ದಾಗ "ಕಾಣಲ್ಲ" ಎಂದರು. ಸೊಸೆ ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಗಂಡ ಅಳತೆಪಟ್ಟಿ ಹಿಡಿದ. ಎಂಟು ವರ್ಷದ ಪುಸ್ತಕದಲ್ಲಿ ಹೊಸ ಪುಟ ತೆರೆದು, ದಿನಾಂಕ ಹಾಕಿ, ಅವಳು ಮೊದಲ ನಿಜವನ್ನು ಬರೆದಳು.

ಬೆರಳು ಎಣಿಸಲು ಸಾಧ್ಯವಾದ ದೂರ, ಬಲಗಣ್ಣು: ತೊಂಬತ್ತು ಸೆಂಟಿಮೀಟರ್. ಎಡಗಣ್ಣು: ನಲವತ್ತು.