ಗಾಳಿತಕ್ಕಡಿಯ ಕಲ್ಲು

ಹುಬ್ಬಳ್ಳಿಯ ಶಾಲೆಯೊಂದರ ಗೇಟಿನ ಮುಂದೆ ವ್ಯಾನು ನಿಂತು ಸ್ವಲ್ಪ ಹೊತ್ತಾಗಿತ್ತಷ್ಟೆ. ಸ್ಟಿಯರಿಂಗ್ ಹಿಂದಿನ ಹಳದಿ ದೀಪ ಮತ್ತೆ ಹತ್ತಿಕೊಂಡಿತು. ಹೊಸ ಸೈಲೆನ್ಸರ್ ಹಾಕಿಸಿಕೊಂಡು ಬೆಳಿಗ್ಗೆಯಷ್ಟೇ ಗ್ಯಾರೇಜಿನಿಂದ ಬಂದ ವ್ಯಾನು ಅದು. ಚಾಲಕ ದಾವಲಸಾಬ ನದಾಫ ದೀಪವನ್ನೇ ದಿಟ್ಟಿಸಿ, ಬಾಯಿಗೆ ಬಂದ ಬೈಗುಳವನ್ನು ಮಕ್ಕಳ ಮುಖ ನೋಡಿ ನುಂಗಿಕೊಂಡ.

ಆ ದೀಪ ಹೊತ್ತಿಸುವ ಯಂತ್ರದ ಹೆಸರು ಗಾಳಿತಕ್ಕಡಿ. ಉಗುರಿನಷ್ಟು ದೊಡ್ಡ ಎರಡು ಪಿಂಗಾಣಿ ಬಿಲ್ಲೆಗಳು. ಒಂದು ಹೊಗೆ ಕೊಳವೆಯ ಒಳಗೆ, ಇನ್ನೊಂದು ಹೊರಗಿನ ಗಾಳಿಯಲ್ಲಿ. ಇಂಜಿನ್ನಿನಲ್ಲಿ ಇಂಧನ ಉರಿಯುವಾಗ ಆಮ್ಲಜನಕ ಖರ್ಚಾಗುವುದರಿಂದ ಕೊಳವೆಯಲ್ಲಿ ಅದು ಕಡಿಮೆ, ಹೊರಗೆ ಧಾರಾಳ. ಯಂತ್ರ ಎರಡನ್ನೂ ತೂಗುತ್ತದೆ. ವ್ಯತ್ಯಾಸ ಕುಗ್ಗಿದರೆ ಕೊಳವೆಗೆ ಎಲ್ಲೋ ತೂತು ಬಿದ್ದಿದೆ, ಹೊರಗಿನ ಗಾಳಿ ಒಳನುಗ್ಗುತ್ತಿದೆ ಎಂದು ಲೆಕ್ಕ. ವಾರವಿಡೀ ದೀಪ ಮತ್ತೆ ಮತ್ತೆ ಹತ್ತುತ್ತಲೇ ಇದ್ದರೆ ಗಾಡಿ ತಾನೇ ಬೀಗ ಹಾಕಿಕೊಳ್ಳುತ್ತದೆ. ಇದನ್ನು ಕಂಡುಹಿಡಿದದ್ದು ಧಾರವಾಡದ ಡಾ. ಸಂಪದಾ ಹಂಚಿನಾಳ. ಕೊಳವೆ ಹರಿದ ಗಾಡಿಗಳು ರಸ್ತೆಯಿಂದ ಮಾಯವಾದವು. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಸಂದವು.

ಸೋಮವಾರ ವ್ಯಾನಿಗೆ ಬೀಗ ಬೀಳುವುದಿತ್ತು. ದಾವಲಸಾಬ ನೇರವಾಗಿ ಸಂಪದಾರ ಪ್ರಯೋಗಾಲಯಕ್ಕೇ ಗಾಡಿ ತಂದು ನಿಲ್ಲಿಸಿದ.

“ಎಲ್ಲಾ ಬದಲಿ ಮಾಡಿಸೇನ್ರಿ ಮೇಡಮ್ಮಾರ,” ಎಂದ. “ಪೈಪ್ ಹೊಸಾದು, ಸೈಲೆನ್ಸರ್ ಹೊಸಾದು. ವ್ಯಾನಿನ್ಯಾಗ ಹಳೇದಂದ್ರ ಇನ್ನ ನಾನೊಬ್ಬನ ಉಳದೇನಿ.”

ಸಂಪದಾ ನಕ್ಕರು. ತಮ್ಮ ಯಂತ್ರದ ಮೇಲೆ ಅವರಿಗೆ ಎಷ್ಟು ನಂಬಿಕೆಯೋ, ಗ್ಯಾರೇಜಿನವರ ಮೇಲೆ ಅಷ್ಟೇ ಅನುಮಾನ. ಕೊಳವೆಯ ಪ್ರತಿ ಕೂಡಿಕೆಗೂ ಸೋಪಿನ ನೊರೆ ಹಚ್ಚಿ ನೋಡಿದರು. ಸೋರಿಕೆಯಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ಅಷ್ಟರಲ್ಲಿ ಬೇವಿನ ಮರಗಳ ನಡುವೆ ನಿಂತಿದ್ದ ವ್ಯಾನಿನ ದೀಪ ತಾನಾಗಿಯೇ ಆರಿತು. ಇಲ್ಲಿ ಆರುತ್ತದೆ, ಶಾಲೆಯ ಮುಂದೆ ಹತ್ತುತ್ತದೆ ಎಂದು ದಾವಲಸಾಬ ಹೇಳಿದಾಗ ಅವರ ನಗು ನಿಂತಿತು. ಅವರೂ ವ್ಯಾನು ಹತ್ತಿದರು.

ಶಾಲೆ ಇದ್ದದ್ದು ಮೇಲುಸೇತುವೆಯ ಕೆಳಗಿನ ತಗ್ಗಿನಲ್ಲಿ. ಒಂದು ಬದಿಗೆ ಊರಿನ ಕಸ ಸುಡುವ ಕುಲುಮೆ, ಇನ್ನೊಂದು ಬದಿಗೆ ಸಾಲು ವಾಹನಗಳು. ದೀಪ ಹತ್ತಿತು. ಇಷ್ಟು ದಿನ ಎಲ್ಲರೂ ಕೊಳವೆಯನ್ನೇ ಪರೀಕ್ಷಿಸಿದ್ದರು. ಸಂಪದಾ ಮೊದಲ ಸಲ ತಮ್ಮ ಮಾಪಕವನ್ನು ಹೊರಗಿನ ಬಿಲ್ಲೆಯ ಬಳಿ ಹಿಡಿದರು. ಅಲ್ಲಿದ್ದದ್ದು ಆಗಲೇ ಉರಿದು ಮುಗಿದ ಗಾಳಿ. ಕೊಳವೆಯೊಳಗಿನದಕ್ಕೂ ಅದಕ್ಕೂ ಇರಬೇಕಾದ ಅಂತರ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಷ್ಟು ದಿನ ನಡೆದದ್ದು ಅದೇ.

“ಗಾಡಿ ಸರಿ ಐತಿ, ದಾವಲಣ್ಣಾ,” ಎಂದರು. “ತಕ್ಕಡೀನೂ ಸರಿ ಐತಿ. ತೂಕದ ಕಲ್ಲ ಸವದೈತಿ.”

ದಾವಲಸಾಬ ಗೇಟಿನ ಕಡೆ ನೋಡಿದ. ಅವನ ಮೊಮ್ಮಗಳು ತಸ್ಮಿಯಾ ಗೆಳತಿಯರ ಜೊತೆ ಕುಂಟಾಟ ಆಡುತ್ತ, ನಡುನಡುವೆ ನಿಂತು ಕೆಮ್ಮುತ್ತಿದ್ದಳು. ಅವಳ ಕೆಮ್ಮಿಗೆ ಐಸ್‌ಕ್ರೀಮ್ ಕಾರಣವೆಂದು ಮನೆಯಲ್ಲಿ ಅದನ್ನೇ ಬಿಡಿಸಿದ್ದರು.

ಸಂಪದಾ ಸಾರಿಗೆ ಇಲಾಖೆಗೆ ಎಲ್ಲವನ್ನೂ ವಿವರಿಸಿದರು. ವಾಹನದ ದೀಪ ವಾಹನದ ವಿಷಯವನ್ನಷ್ಟೇ ಹೇಳಲಿ, ಊರಿನ ಉಸಾಬರಿ ಅದಕ್ಕೇಕೆ ಎಂಬ ಉತ್ತರ ಬಂತು. ಸೋಮವಾರ ಹತ್ತಿರವಾಗುತ್ತಿತ್ತು. ವ್ಯಾನು ನಿಂತರೆ ಮಕ್ಕಳು ಅದೇ ಹೊಗೆಯಲ್ಲಿ ನಡೆದು ಬರಬೇಕು. ಸಂಪದಾ ಹೊರಗಿನ ಬಿಲ್ಲೆಯನ್ನು ಗಾಜಿನ ಗುಳಿಗೆಯೊಂದರಲ್ಲಿ ಮುಚ್ಚಿ, ಒಳಗೆ ಒಳ್ಳೆಯ ಗಾಳಿ ತುಂಬಿ ಬೆಸೆದರು. ತಾಂತ್ರಿಕವಾಗಿ ಅದರಲ್ಲಿ ಒಂದು ಕುಂದೂ ಇರಲಿಲ್ಲ. ಶಾಲೆಯ ಮುಂದೆಯೂ ದೀಪ ಹತ್ತಲಿಲ್ಲ. ರಾಜ್ಯದ ಎಲ್ಲ ವಾಹನಗಳಿಗೂ ಗುಳಿಗೆ ಹಾಕಿಸಲು ಆದೇಶ ಬಂತು. ಆ ತಗ್ಗಿನ ಬಗ್ಗೆ ಬಾಯಿಬಿಡುತ್ತಿದ್ದ ಒಂದೇ ಒಂದು ವಸ್ತುವಿನ ಬಾಯನ್ನು ತಾವೇ ಮುಚ್ಚಿದೆವಲ್ಲ ಎಂದು ಸಂಪದಾ ಕೊನೆಯವರೆಗೂ ಕೊರಗಿದರು.

ಅಂದು ಗುಳಿಗೆ ಹಾಕಿಸಿಕೊಂಡು ಹೊರಡುವ ಮುನ್ನ ದಾವಲಸಾಬ ಕೇಳಿದ್ದ: “ಇದರಾಗಿನ ಗಾಳಿ ಎಲ್ಲೀದ್ರಿ? ಹುಡುಗ್ರಿಗೆ ಸಿಗೂದಿಲ್ಲೇನು?”

ಸಂಪದಾ ಪ್ರಯೋಗಾಲಯದ ಮೂಲೆಯಲ್ಲಿದ್ದ ಉಕ್ಕಿನ ಸಿಲಿಂಡರುಗಳನ್ನು ತೋರಿಸಿದರು. ಅವರ ಗುರುಗಳು ಬೇರೆ ಯಾವುದೋ ಅಧ್ಯಯನಕ್ಕೆಂದು ಎಷ್ಟೋ ವರ್ಷಗಳ ಹಿಂದೆ, 2026ರಲ್ಲಿ ತುಂಬಿಸಿಟ್ಟ ಗಾಳಿ ಅದು. ಬೆಟ್ಟದ ಮೇಲಿನದಲ್ಲ, ಕಾಡಿನದಲ್ಲ, ಇದೇ ಶಾಲೆ ಇರುವ ತಗ್ಗಿನದು. ಆಗಿನ್ನೂ ಅಲ್ಲಿ ಕುಲುಮೆ ಬರುವ ಮಾತಷ್ಟೇ ನಡೆದಿತ್ತು. ಸಿಲಿಂಡರಿನ ಚೀಟಿಯ ಮೇಲೆ ಗುರುಗಳು ಬರೆದದ್ದು ಎರಡೇ ಪದ: ಸಾಧಾರಣ ಗಾಳಿ.